ನೋಟಿಸ್‌ಗೆ ಉತ್ತರವೇ ಮದ್ದು

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ನೋಟಿಸ್ ಕಳಿಸಿದಾಗ, ಸಣ್ಣ ವ್ಯಾಪಾರಿಗಳು ಮೊದಲು ಮಾಡಿದ್ದು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದದ್ದು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಪಾಠ ಮಾತ್ರ ಉಳಿದಿದೆ.

ನೋಟಿಸ್ ಎಂದರೆ ದಂಡವಲ್ಲ, ವಿವರಣೆ ಕೇಳುವ ಪತ್ರ. ಸುಮ್ಮನಿದ್ದರೆ ಅಧಿಕಾರಿಯ ಲೆಕ್ಕವೇ ಅಂತಿಮವಾದೀತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ನೋಂದಣಿಯ ಗಡಿ. ರಾಮನಗರದ ರೇಷ್ಮೆಗೂಡಿಗೆ, ಮಾಗಡಿ, ಕನಕಪುರದ ಸಂತೆಯ ತಾಜಾ ತರಕಾರಿಗೆ ತೆರಿಗೆಯಿಲ್ಲ; ಚನ್ನಪಟ್ಟಣದ ಬೊಂಬೆಗೆ ಇದೆ. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವೂ ಅಲ್ಲ: ಕೈಸಾಲ, ಮಗ ಕಳಿಸಿದ ದುಡ್ಡು ಅದರಲ್ಲಿ ಸೇರಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಖರೀದಿ ಬಿಲ್ಲು ಜೋಡಿಸಿ, ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು, ಸ್ವೀಕೃತಿ ಪಡೆಯಿರಿ. ನೋಟಿಸ್ ಅಸಲಿಯೇ ಎಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಅಥವಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳದೆ ಯಾವ ಲಿಂಕಿಗೂ ಹಣ ಕಟ್ಟಬೇಡಿ.

ಇಲಾಖೆಯ ಹೊಣೆಯೂ ಇದೆ. ಸಂತೆ ವ್ಯಾಪಾರಿಗೆ ಕಳಿಸುವ ನೋಟಿಸ್ ಸರಳ ಕನ್ನಡದಲ್ಲಿರಲಿ. ತಾಲ್ಲೂಕು ಕೇಂದ್ರದಲ್ಲೊಂದು ಸಹಾಯ ಕೌಂಟರ್ ಇರಲಿ.