ದ್ವೀಪಯಾತ್ರೆಯ ಪಾಥೇಯ

ಎರಡು ಕಡೆಯಲ್ಲಿಯೂ ನೀರುಳ್ಳದ್ದು ದ್ವೀಪ ಎಂದು ಪದವನ್ನು ಬಿಡಿಸಿ ಹೇಳುತ್ತ ನಾವು ಪಾಠಶಾಲೆಯಲ್ಲಿ ಮೂವತ್ತು ವರ್ಷಗಳನ್ನು ಕಳೆದೆವು. ಹೇಳಿದ ನಾವಾದರೋ ಕಾವೇರಿಯ ನಡುವಣ ಶ್ರೀರಂಗಪಟ್ಟಣವೊಂದನ್ನುಳಿದು ಬೇರಾವ ದ್ವೀಪವನ್ನೂ ಕಂಡವರಲ್ಲ. ಹೀಗಿರಲು, ಒಂದು ಸಂಜೆ ನಮ್ಮ ಪುತ್ರನು ಕಚೇರಿಯಿಂದ ಬಂದವನೇ, “ಅಪ್ಪ, ಫೆಬ್ರವರಿಯಲ್ಲಿ ಎಲ್ಲರೂ ಮಾರಿಷಸ್‌ಗೆ ಹೋಗೋಣ. ಸಮುದ್ರದ ದಡದಲ್ಲೇ ರೆಸಾರ್ಟ್, ದರವೂ ಬಹಳ ಅಗ್ಗವಾಗಿದೆ” ಎಂದನು. ಒಂಬತ್ತು ವರ್ಷದ ಮೊಮ್ಮಗಳು ಕುಣಿದಾಡಿದಳು. ಸೊಸೆ ಕಾಗದ ಲೇಖನಿಗಳನ್ನು ತಂದಳು. ನಮ್ಮ ಗೃಹಿಣಿ ಮಾತ್ರ ಹುರುಳಿಕಾಯಿ ಸೋಸುತ್ತಿದ್ದ ಕೈಯನ್ನು ನಿಲ್ಲಿಸದೆ, “ನೀವೆಲ್ಲ ಹೋಗಿಬನ್ನಿ. ಮನೆ, ತುಳಸಿ ನಾನು ನೋಡಿಕೊಳ್ಳುತ್ತೇನೆ” ಎಂದಳು. ಆ ಮಾತನ್ನು ಆಗ ಯಾರೂ ಲಕ್ಷಿಸಲಿಲ್ಲ. ನಾವೂ ಲಕ್ಷಿಸಲಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಲೇಸು.

ದೂರದ ದ್ವೀಪಕ್ಕೆ ವಿಹಾರಾರ್ಥವಾಗಿ ಹೊರಡುವ ಕುಟುಂಬಗಳು ಈಗ ನಮ್ಮ ವಾಚಕರಲ್ಲಿಯೂ ಹಲವು ಇರುವುದರಿಂದ, ನಮ್ಮ ಮನೆಯಲ್ಲಿ ಆದ ಆಲೋಚನೆಯನ್ನು ಈ ಮಾಸ ಕ್ರಮವಾಗಿ ನಿವೇದಿಸುತ್ತೇವೆ.

ಮೊದಲು ವಿಚಾರಿಸತಕ್ಕದ್ದು ಕಾಲವನ್ನು, ದರವನ್ನಲ್ಲ. ಮಾರಿಷಸ್ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿಗೆ ಪೂರ್ವದಲ್ಲಿ, ಭೂಮಧ್ಯರೇಖೆಯಿಂದ ಸುಮಾರು 20 ಅಂಶ ದಕ್ಷಿಣಕ್ಕಿದೆ. ಅದು ದಕ್ಷಿಣಗೋಲಾರ್ಧವಾದುದರಿಂದ ಋತುಗಳು ನಮಗೆ ತಿರುವುಮುರುವು. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಸೆಕೆ ಮತ್ತು ಮಳೆ. ಅದೇ ಚಂಡಮಾರುತಗಳ ಕಾಲ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಹಿತವಾದ ತಂಪು. ಫೆಬ್ರವರಿಯ ದರ ಏಕೆ ಇಳಿದಿತ್ತೆಂಬುದು ಭೂಗೋಳದ ಪುಟವನ್ನು ತೆರೆದೊಡನೆಯೇ ವೇದ್ಯವಾಯಿತು. 2024ರ ಜನವರಿಯಲ್ಲಿ ಬೆಲಾಲ್ ಎಂಬ ಚಂಡಮಾರುತ ಬಂದಾಗ ರಾಜಧಾನಿಯಾದ ಪೋರ್ಟ್ ಲೂಯಿಸ್ ನಗರದ ಬೀದಿಗಳಲ್ಲಿ ಮೋಟಾರುಗಾಡಿಗಳೇ ನೀರಿನಲ್ಲಿ ತೇಲಿದುವು. ಫೆಬ್ರವರಿಯಲ್ಲಿ ಹೋದವರೆಲ್ಲರೂ ಬಿರುಗಾಳಿಗೆ ಸಿಕ್ಕುವರೆಂದಲ್ಲ. ಆದರೆ ಸಿಕ್ಕಿದರೆ ವಿಮಾನಗಳು ನಿಲ್ಲುತ್ತವೆ, ಮುಂಗಡ ಕೊಟ್ಟ ಹಣಕ್ಕೆ ತಕರಾರು ಹುಟ್ಟುತ್ತದೆ. ಆದುದರಿಂದ ಮೊಮ್ಮಗಳ ದಸರಾ ರಜೆಯೇ ಸರಿಯೆಂದು ನಿಶ್ಚಯಿಸಿದೆವು. ಅಕ್ಟೋಬರು ಅಲ್ಲಿ ಮಳೆ ಬಹು ಕಡಿಮೆಯಾದ ತಿಂಗಳುಗಳಲ್ಲೊಂದು.

ಎರಡನೆಯದು ದಿಕ್ಕು. ದ್ವೀಪವು ಉದ್ದದಲ್ಲಿ ಸುಮಾರು 65 ಕಿಲೋಮೀಟರು, ಅಗಲದಲ್ಲಿ 45. ಇಷ್ಟು ಸಣ್ಣ ನಾಡಿನಲ್ಲಿ ಯಾವ ದಡವಾದರೇನು ಎಂದು ತೋರಬಹುದು. ಆದರೆ ವರ್ಷದ ಬಹುಭಾಗ ಅಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಇನ್ನೂ ಬಲವಾಗಿ. ಆಗ ಪೂರ್ವ ಮತ್ತು ದಕ್ಷಿಣದ ದಡಗಳಿಗೆ ಗಾಳಿ ನೇರವಾಗಿ ಬಡಿಯುತ್ತದೆ. ನಡುವಣ ಗುಡ್ಡಗಳ ಮರೆಯಲ್ಲಿರುವ ಪಶ್ಚಿಮವೂ ವಾಯವ್ಯವೂ ಶಾಂತವಾಗಿರುತ್ತವೆ. ಹಾಯಿಯ ಆಟವಾಡುವ ಯುವಕರಿಗೆ ಗಾಳಿಯೇ ಸೊಗಸು. ಮಗುವೂ ವೃದ್ಧರೂ ಇರುವ ಸಂಸಾರಕ್ಕೆ ಪಶ್ಚಿಮದ ದಡ ಯೋಗ್ಯ. ಇನ್ನು, ದ್ವೀಪದ ಬಹುಭಾಗವನ್ನು ಹವಳದ ಬಂಡೆಗಳ ಸಾಲೊಂದು ಪ್ರಾಕಾರದಂತೆ ಸುತ್ತಿದೆ. ದೂರದಲ್ಲಿ ಬಿಳಿಯ ನೊರೆಯ ಗೆರೆ ಕಾಣುತ್ತದಷ್ಟೆ, ಅದೇ ಆ ಪ್ರಾಕಾರ. ಅದರ ಒಳಗಣ ನೀರು ಬಹುಮಟ್ಟಿಗೆ ಕೆರೆಯಂತೆ ಶಾಂತ. ಹೊರಗಿನದು ಸಾಕ್ಷಾತ್ ಸಾಗರ. ಆ ಸಾಲು ಒಡೆದಿರುವ ಎಡೆಗಳಲ್ಲಿ ನೀರಿನ ಸೆಳೆತ ಪ್ರಬಲವಾದುದರಿಂದ ಅತ್ತ ಈಜಬಾರದು. ಹವಳವು ಜೀವಿಗಳು ಕಟ್ಟಿದ ಮನೆ. ಅದನ್ನು ಮೆಟ್ಟಬಾರದು, ಮುರಿದು ತರಬಾರದು. ನೀರಿಗಿಳಿಯುವಾಗ ರಬ್ಬರಿನ ಪಾದರಕ್ಷೆಯಿದ್ದರೆ ಮುಳ್ಳುಗಳುಳ್ಳ ಜಲಚರಗಳಿಂದ ಕಾಲಿಗೆ ರಕ್ಷೆ.

ಮೂರನೆಯದಾಗಿ ಕಾಗದಪತ್ರ ಮತ್ತು ಹಣ. ಭಾರತೀಯ ಪ್ರವಾಸಿಗಳು ಮುಂದಾಗಿ ವೀಸಾ ಪಡೆಯಬೇಕಾಗಿಲ್ಲ. ಆದರೆ ಹಿಂದಿರುಗುವ ಟಿಕೆಟ್ಟು, ಇಳಿದುಕೊಳ್ಳುವ ಸ್ಥಳದ ರಸೀದಿ, ಖರ್ಚಿಗೆ ಹಣವಿದೆಯೆಂಬ ಆಧಾರ ಇವು ಕೈಯಲ್ಲಿರಬೇಕು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರುವುದು ಕ್ಷೇಮ. ಅಲ್ಲಿಯ ನಾಣ್ಯದ ಹೆಸರೂ ರೂಪಾಯಿಯೇ. ಹೆಸರು ಒಂದಾದರೂ ಬೆಲೆ ಬೇರೆಯೆಂಬುದನ್ನು ಮರೆಯಬಾರದು. ರೆಸಾರ್ಟಿನವರು “ಊಟಸಹಿತ” ಎಂದರೆ ಯಾವ ಊಟವೆಂದು ಕೇಳಬೇಕು. ಕೆಲವರದರಲ್ಲಿ ಬೆಳಗಿನ ಉಪಾಹಾರ ಮತ್ತು ರಾತ್ರಿಯ ಭೋಜನ ಮಾತ್ರ ಸೇರಿರುತ್ತವೆ. ಮಧ್ಯಾಹ್ನದ್ದು ಬೇರೆ ಲೆಕ್ಕ. ಸಸ್ಯಾಹಾರವೆಂದರೆ ಮೀನು ಮೊಟ್ಟೆಗಳೂ ಇಲ್ಲದ್ದೆಂದು ಮೊದಲೇ ಬರೆದು ತಿಳಿಸಬೇಕು. ಹಣ್ಣು, ಬೀಜ, ಸಸಿಗಳನ್ನು ಅನುಮತಿಯಿಲ್ಲದೆ ಒಯ್ಯಬಾರದು.

ಇಷ್ಟನ್ನೆಲ್ಲ ಬರೆದು ನಾವು ಒಂದು ಸುಂದರವಾದ ಪಟ್ಟಿಯನ್ನು ಸಿದ್ಧಪಡಿಸಿದೆವು. ಪ್ರಯಾಣಿಕರ ಅಂಕಣದಲ್ಲಿ ಸೊಸೆಯು ನಾಲ್ಕು ಎಂದು ಬರೆದು, ತಲೆಯೆತ್ತಿ, “ಮಾವ, ಅತ್ತೆ ಏಕೆ ಬರುವುದಿಲ್ಲವೆಂದು ನೀವು ಕೇಳಿದಿರಾ?” ಎಂದಳು. ನಾವು ಕೇಳಿರಲಿಲ್ಲ.

ಆ ರಾತ್ರಿ ಕೇಳಿದೆವು. ಆಕೆ ಮೊದಲು ತುಳಸಿಯ ಮಾತನ್ನೆತ್ತಿದಳು. ಆಮೇಲೆ ಹಾಲಿನವನ ಲೆಕ್ಕದ ಮಾತು. ಕಡೆಗೆ ಮೆಲ್ಲನೆ ಹೇಳಿದಳು: “ಹೋದ ವರ್ಷ ಮೇಲುಕೋಟೆಯಲ್ಲಿ ನೀವೆಲ್ಲ ಬೆಟ್ಟ ಹತ್ತಿ ನರಸಿಂಹಸ್ವಾಮಿಯ ದರ್ಶನ ಮಾಡಿ ಬಂದಿರಿ. ನಾನು ಕೆಳಗೆ ಕುಳಿತು ನಿಮ್ಮೆಲ್ಲರ ಚಪ್ಪಲಿ ಕಾದೆ. ಚಪ್ಪಲಿ ಕಾಯುವುದಕ್ಕೆ ಅಷ್ಟು ದೂರ ಏಕೆ ಬರಲಿ? ಮನೆಯೇ ಸಾಕು.” ಆಕೆಯ ಮಂಡಿನೋವು ನಮಗೆ ತಿಳಿಯದ ಸಂಗತಿಯಲ್ಲ. “ನೀನು ಇಲ್ಲೇ ಕುಳಿತಿರು, ಬೇಗ ಬಂದುಬಿಡುತ್ತೇವೆ” ಎಂದು ಅಂದು ಹೇಳಿದವರೂ ನಾವೇ. ಬೇಗ ಬರಲಿಲ್ಲವೆಂಬುದೂ ಈಗ ನೆನಪಾಯಿತು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಮಾರನೆಯ ದಿನ ಪಟ್ಟಿಯನ್ನು ಹರಿದುಹಾಕಿ, ಹೊಸದನ್ನು ಆಕೆಯ ಮಂಡಿಯಿಂದ ಆರಂಭಿಸಿದೆವು. ಮುಂಬಯಿಯಿಂದ ನೇರ ವಿಮಾನಕ್ಕೆ ಆರರಿಂದ ಏಳು ಗಂಟೆಯಾದರೂ, ನಮ್ಮೂರಿನಿಂದ ಎಣಿಸಿದರೆ ಇಡೀ ಒಂದು ದಿನದ ಪ್ರಯಾಣ. ಆದುದರಿಂದ ಮುಂಬಯಿಯಲ್ಲಿ ಒಂದು ರಾತ್ರಿ ತಂಗುವುದೆಂದಾಯಿತು. ನಡುದಾರಿಯ ಪಕ್ಕದ ಆಸನ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಬಾಯಾರದಿದ್ದರೂ ನೀರು ಕುಡಿಯುವುದು: ಬಹುಹೊತ್ತು ಅಲುಗಾಡದೆ ಕುಳಿತರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ವಿಮಾನನಿಲ್ದಾಣದಲ್ಲಿ ಗಾಲಿಕುರ್ಚಿಯನ್ನು ಟಿಕೆಟ್ಟು ಕೊಳ್ಳುವಾಗಲೇ ಕೇಳಿಟ್ಟೆವು. ಔಷಧಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ. ನೆಲಮಟ್ಟದ ಕೋಣೆ, ಭೋಜನಶಾಲೆಗೆ ಸಮೀಪ, ಕಟ್ಟಿಗೆಯ ಹಲಗೆ ಹಾಸಿ ನೀರಿನವರೆಗೆ ದಾರಿಯಿರುವ ದಡ. ಇಂಥ ರೆಸಾರ್ಟಿನಲ್ಲಿ ದಿನಕ್ಕೆ ಹಣ ಹೆಚ್ಚು. ಏಳು ದಿನಗಳನ್ನು ಐದಕ್ಕೆ ಇಳಿಸಿದೆವು. ಪುತ್ರನು ಆಸೆಪಟ್ಟಿದ್ದ ದೋಣಿಯ ವಿಹಾರ ಒಂದು ಬಿಟ್ಟುಹೋಯಿತು. ಅವನು ಒಂದು ಕ್ಷಣ ಮುಖ ಸಣ್ಣದು ಮಾಡಿಕೊಂಡನು. ಆಮೇಲೆ ತಾನೇ ಅದರ ಮೇಲೆ ಗೆರೆ ಎಳೆದನು.

ಆ ನಾಡು ಕೇವಲ ಮರಳೂ ತೆಂಗೂ ಅಲ್ಲವೆಂಬುದನ್ನೂ ಈ ಮಧ್ಯೆ ಓದಿ ತಿಳಿದೆವು. 1835ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿ, ಅದರ ಹಿಂದಿನ ವರ್ಷದಿಂದಲೇ ಭಾರತದಿಂದ ಕರಾರಿನ ಕೂಲಿಗಳನ್ನು ತರಿಸತೊಡಗಿದ್ದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗಿನಿಂದ 36 ಮಂದಿ ಇಳಿದರು. 1920ರ ಹೊತ್ತಿಗೆ ಬಂದವರು ಹತ್ತಿರ ಹತ್ತಿರ ಐದು ಲಕ್ಷ. ಬಹುಮಂದಿ ಬಿಹಾರದ ಕಡೆಯವರು. ತಮಿಳರೂ ತೆಲುಗರೂ ಮರಾಠಿಗರೂ ಉಂಟು. ಸಮುದ್ರವನ್ನು ದಾಟಿದರೆ ಕುಲ ಕೆಡುವುದೆಂಬ ಭಯವಿದ್ದ ಕಾಲದಲ್ಲಿ, ಹೊಟ್ಟೆಯ ಭಯವೇ ದೊಡ್ಡದಾಗಿ ಹೊರಟವರು ಅವರು. ಹಿಂದಿರುಗುವ ಟಿಕೆಟ್ಟಿನ ರಸೀದಿ ಅವರ ಕೈಯಲ್ಲಿರಲಿಲ್ಲ. ಅವರ ಸಂತತಿಯವರು ಇಂದಿಗೂ ಬೇಳೆಯನ್ನು ಬೇಯಿಸಿ ಪುಡಿಮಾಡಿ ಕಣಕದಲ್ಲಿ ತುಂಬಿ ಲಟ್ಟಿಸುವ ಧೋಲ್ ಪುರಿಯನ್ನು ಬೀದಿಬೀದಿಯಲ್ಲಿ ಮಾರುತ್ತಾರೆ. ಬೆಲ್ಲವಿಲ್ಲದ ಹೋಳಿಗೆಯೆಂದರೆ ನಮ್ಮ ಗೃಹಿಣಿಯರಿಗೆ ಅರ್ಥವಾದೀತು.

ಆ ಕೂಲಿಗಳು ಇಳಿದ ಸ್ಥಳಕ್ಕೆ ಆಪ್ರವಾಸಿ ಘಾಟ್ ಎಂದು ಹೆಸರು. ಪೋರ್ಟ್ ಲೂಯಿಸ್ ಬಂದರಿನಲ್ಲಿದೆ. 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿತು. ದೋಣಿಯಿಂದಿಳಿದವರು ಗಂಟನ್ನು ಹೊತ್ತು ಅಲ್ಲಿಯ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಹೊಸ ನಾಡನ್ನು ಹೊಕ್ಕರು. ಬಿಟ್ಟ ದೋಣಿವಿಹಾರದ ದಿನವನ್ನು ನಾವು ಈ ಸ್ಥಳಕ್ಕೆ ಮೀಸಲಿಟ್ಟಿದ್ದೇವೆ.

ಇದನ್ನು ಓದಿ ಹೇಳುತ್ತಿದ್ದಾಗ ನಮ್ಮ ಗೃಹಿಣಿ, “ಎಷ್ಟು ಮೆಟ್ಟಿಲು?” ಎಂದು ಕೇಳಿದಳು.

“ಹದಿನಾರು” ಎಂದೆವು.

ಆಕೆ ಬೆರಳು ಮಡಿಸಿ ಎಣಿಸುವಂತೆ ಮಾಡಿ, “ಹದಿನಾರು ತಾನೆ? ಅಷ್ಟಾದರೆ ನಾನೂ ಹತ್ತಬಲ್ಲೆ” ಎಂದಳು. ಅನಂತರ ಪಕ್ಕದ ಮನೆಯವರ ಬಳಿಗೆ, ತುಳಸಿಗೆ ನೀರೆರೆಯುವ ವಿಷಯ ಹೇಳಿಬರಲು ಎದ್ದುಹೋದಳು.