ಮಗ ಮಾಡಿದ ಸಾಲ, ಅಪ್ಪನ ಮರ್ಯಾದೆ

ಬಿಕಾಂ ಕಟ್ಟೆ, ಭಾಗ 6

ಹದಿನೇಳು ವರ್ಷದ ಹುಡುಗ ಸಾಲ ಮಾಡ್ತಾನೆ. ತೀರಿಸೋಕೆ ಆಗಲ್ಲ. ಕೊಟ್ಟವನು ಸೀದಾ ಅಪ್ಪನ ಹತ್ರ ಬರ್ತಾನೆ. ಅಪ್ಪ ಕೊಡಲೇಬೇಕಾ?

ನಿನ್ನೆ ಸ್ಟೋರಿಯಲ್ಲಿ ಕೇಳಿದ್ದೆ. ನಿಮ್ಮಲ್ಲಿ ಹೆಚ್ಚಿನವರು 'ಹೌದು' ಒತ್ತಿದ್ರಿ. ನಮ್ಮ ಮನೇಲೂ ಹಾಗೇ ಅಂದ್ಕೊಂಡಿದ್ರು.

ನಮ್ಮ ಚಿಕ್ಕಪ್ಪನ ಮಗ ಸೆಕೆಂಡ್ ಪಿಯು. ಫೋನ್ ತಗೊಳ್ಳೋಕೆ ಅಂತ ಬಡ್ಡಿಗೆ ಕೊಡೋ ಒಬ್ಬರ ಹತ್ರ 15,000 ತಗೊಂಡಿದ್ದ. ಮನೇಲಿ ಕೇಳಿದ್ರೆ 'ಫ್ರೆಂಡ್ ಫೋನು' ಅಂದಿದ್ದ. ಐದು ತಿಂಗಳಾದ್ಮೇಲೆ ಆ ವ್ಯಕ್ತಿ ಚಿಕ್ಕಪ್ಪನ ಅಂಗಡಿ ಮುಂದೆ ಬಂದು ನಿಂತ. ಬಡ್ಡಿ ಸೇರಿ 26,000 ಅಂತೆ. ಗಿರಾಕಿಗಳೆಲ್ಲ ನೋಡ್ತಾ ಇದ್ರು.

ನಾನು ಬಾಯಿ ಹಾಕಿದೆ: "ಚಿಕ್ಕಪ್ಪ, ಅವನು ಮೈನರ್. ಕಾನೂನಿನ ಪ್ರಕಾರ ನೀವು ಒಂದು ರೂಪಾಯಿನೂ ಕೊಡಬೇಕಿಲ್ಲ."

ಚಿಕ್ಕಪ್ಪ ಅಂದ್ರು: "ಕಾನೂನು ನಿನ್ನ ಪುಸ್ತಕದಲ್ಲಿರ್ಲಿ. ನಾನು ನಾಳೆ ಇದೇ ಬೀದೀಲಿ ಅಂಗಡಿ ಬಾಗಿಲು ತೆಗೀಬೇಕು."

ಸಂಜೆ ಚಿಕ್ಕಮ್ಮನ ಬಳೆ ಗಿರವಿ ಅಂಗಡಿಗೆ ಹೋಯ್ತು.

ನಾನು ಹೇಳಿದ್ದೂ ನಿಜ, ಚಿಕ್ಕಪ್ಪ ಹೇಳಿದ್ದೂ ನಿಜ. ಅದಕ್ಕೇ ಈ ಪೋಸ್ಟ್.

ಮೊದಲು ಪುಸ್ತಕ. 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 11: ಮೈನರ್‌ಗೆ ಕರಾರು ಮಾಡೋ ಅರ್ಹತೆನೇ ಇಲ್ಲ. ನಾವೆಲ್ಲ ಬಾಯಿಪಾಠ ಮಾಡಿದ ಮೊಹೋರಿ ಬೀಬಿ ಕೇಸ್ ನೆನಪಿದೆಯಾ? ಕಲ್ಕತ್ತಾದ ಧರ್ಮೋದಾಸ್ ಘೋಷ್ ಮೈನರ್ ಆಗಿದ್ದಾಗ, 1895ರಲ್ಲಿ, ಮನೆ ಅಡಮಾನ ಇಟ್ಟು ಸಾಲಪತ್ರಕ್ಕೆ ಸೈನ್ ಹಾಕಿದ. 1903ರಲ್ಲಿ ಪ್ರಿವಿ ಕೌನ್ಸಿಲ್ 'ಆ ಕರಾರು ಹುಟ್ಟಿದಾಗಿಂದಲೇ ಅನೂರ್ಜಿತ' ಅಂತು. ಎಕ್ಸಾಮಲ್ಲಿ ನಾವು ಇಷ್ಟು ಬರೆದು ಪೆನ್ ಕೆಳಗಿಡ್ತೀವಿ. ಆದ್ರೆ ಆ ಕೇಸಲ್ಲಿ ಅವನ ತಾಯಿನೂ ಇದ್ದಾರೆ. ಅಡಮಾನ ಪತ್ರಕ್ಕೆ ಸೈನ್ ಬೀಳೋಕೆ ಮುಂಚೆನೇ, ಇವನು ಮೈನರ್ ಅಂತ ಸಾಲ ಕೊಡೋರ ಕಡೆಯವರಿಗೆ ವಕೀಲರಿಂದ ಪತ್ರ ಬರೆಸಿದ್ರು.

ಮಗನೇ ಬದ್ಧ ಅಲ್ಲದ ಕರಾರಿಗೆ, ಸೈನೇ ಹಾಕದ ಅಪ್ಪ ಬದ್ಧ ಆಗೋದು ಹೇಗೆ? ಆಗಲ್ಲ. ಎರಡು ಕಡೆ ಮಾತ್ರ ಹುಷಾರು. ಅಪ್ಪನೇ 'ನನ್ನ ಲೆಕ್ಕಕ್ಕೆ ಬರೆಸ್ಕೊಂಡು ಬಾ' ಅಂತ ಅಂಗಡಿಗೆ ಕಳಿಸಿದ್ರೆ ಆ ಉದ್ರಿ ಅಪ್ಪಂದೇ. ಅಪ್ಪ ತಾನೇ ಗ್ಯಾರಂಟಿ ಅಂತ ಸೈನ್ ಹಾಕಿದ್ರೂ ಸಿಕ್ಕಿಹಾಕ್ಕೊಳ್ತಾರೆ. ಊಟ, ಬಟ್ಟೆ, ಫೀಸು ಥರದ ಅಗತ್ಯಗಳಿಗೆ ಕೊಟ್ಟಿದ್ರೆ ಸೆಕ್ಷನ್ 68ರ ಪ್ರಕಾರ ಮೈನರ್‌ನ ಸ್ವಂತ ಆಸ್ತಿಯಿಂದ ವಸೂಲಿ ಮಾಡಬಹುದು. ಅಲ್ಲೂ ಅಪ್ಪನ ಜೇಬಿಗೆ ಕೈ ಹಾಕೋ ಹಾಗಿಲ್ಲ.

"ಹದಿನೆಂಟು ಆದ್ಮೇಲೆ ಹೊಸ ಪತ್ರ ಬರ್ಕೊಡು" ಅಂತಾರಲ್ಲ? ಹಳೇ ಸಾಲಕ್ಕೆ ಹೊಸ ಸೈನ್ ಹಾಕಿದ್ರೆ ಅದಕ್ಕೆ ಜೀವ ಬರಲ್ಲ.

ಈಗ ಬೀದಿ. ಬಡ್ಡಿಗೆ ಕೊಡೋರಿಗೆ ಇದೆಲ್ಲ ಗೊತ್ತಿಲ್ವಾ? ಗೊತ್ತಿದ್ದೇ ಕೊಡ್ತಾರೆ. ಸಂಪಾದನೆ ಇಲ್ಲದ ಹುಡುಗನ್ನ ನಂಬಿ ಯಾರು 15,000 ಕೊಡ್ತಾರೆ ಹೇಳಿ? ಅವರು ನಂಬಿದ್ದು ಅಪ್ಪನ ಮರ್ಯಾದೆನ. ಕೋರ್ಟಿಗೆ ಹೋದ್ರೆ ಸಿಗದ ದುಡ್ಡು ಅಂಗಡಿ ಮುಂದೆ ಹತ್ತು ನಿಮಿಷ ಕೂಗಾಡಿದ್ರೆ ಸಿಗುತ್ತೆ.

ಹಾಗಂತ 'ಸಾಲ ಮಾಡಿ ಕೈ ಎತ್ತಿಬಿಡಿ' ಅಂತ ನಾನು ಹೇಳ್ತಿಲ್ಲ. ಕಾನೂನು ಕಾಯೋದು ಆ ವಯಸ್ಸಿಗೆ ಇನ್ನೂ ತಿಳುವಳಿಕೆ ಬಂದಿರಲ್ಲ ಅಂತ. ವಯಸ್ಸು ಸುಳ್ಳು ಹೇಳಿ ತಗೊಂಡ ಫೋನ್ ಕೈಯಲ್ಲೇ ಇದ್ರೆ, ವಾಪಸ್ ಕೊಡು ಅಂತ ಕೋರ್ಟ್ ಹೇಳಬಹುದು. ನ್ಯಾಯನೂ ಅದೇ.

ನನ್ನ ಅಭಿಪ್ರಾಯ ಇಷ್ಟೇ. ಅಪ್ಪ ಕೊಡಲೇಬೇಕು ಅನ್ನಿಸಿದ್ರೆ ಅಸಲು ಕೊಡಲಿ. ಕೈಗೆ ಬಂದಿದ್ದನ್ನ ಹಿಂದಿರುಗಿಸೋದು ಮರ್ಯಾದೆ. ಮಗುಗೆ ಸಾಲ ಕೊಟ್ಟವನಿಗೆ 11,000 ಬಡ್ಡಿ ಕೊಡೋದು ಮರ್ಯಾದೆ ಅಲ್ಲ, ಹೆದರಿಕೆ. ಹಾಗೆ ಕೊಟ್ಟಷ್ಟೂ ಆ ಮನುಷ್ಯ ಮುಂದಿನ ಪಿಯು ಹುಡುಗನ್ನ ಹುಡುಕ್ತಾನೆ.

ಇನ್ನು ನಾವು, ಹದಿನೆಂಟು ದಾಟಿದವರು. ನನ್ನ ತಮ್ಮನ್ನ ಆ ವ್ಯಕ್ತಿ ಹತ್ರ ಕರ್ಕೊಂಡು ಹೋಗಿದ್ದು ನನ್ನದೇ ವಯಸ್ಸಿನ ಹುಡುಗ, ನನಗೆ ಪರಿಚಯದವನೇ. ಜೂನಿಯರ್‌ಗೆ 'ಹೆಲ್ಪ್' ಮಾಡ್ದೆ ಅಂದ್ಕೊಂಡಿದ್ದಾನೆ. ದಯವಿಟ್ಟು ಇಂಥ ಹೆಲ್ಪ್ ಮಾಡಬೇಡಿ. ನಿಮ್ಮ ಆಧಾರ್, ಪ್ಯಾನ್ ಕೊಟ್ಟು ಅವರ ಪರವಾಗಿ ಸಾಲ ಎತ್ತಿದ್ರಂತೂ ಆ ಸಾಲ ನಿಮ್ಮ ತಲೆ ಮೇಲೆ.

ಇದನ್ನ ಓದ್ತಿರೋ ಹದಿನಾರು, ಹದಿನೇಳರ ತಮ್ಮ ತಂಗಿಯರೇ, ಆಲ್ರೆಡಿ ಸಾಲ ಆಗಿದ್ರೆ ಇವತ್ತೇ ಮನೇಲಿ ಹೇಳಿ. ಬೈತಾರೆ. ಬೈಸ್ಕೊಳ್ಳಿ. ನನ್ನ ತಮ್ಮ ಮೊದಲನೇ ತಿಂಗಳೇ ಬಾಯಿ ಬಿಟ್ಟಿದ್ರೆ ಫೋನ್ ಮಾರಿ ಮುಗಿಸಬಹುದಿತ್ತು.

ಬಳೆ ಇನ್ನೂ ಬಿಡಿಸಿಲ್ಲ. ಚಿಕ್ಕಮ್ಮ ಮೊನ್ನೆ ಮದುವೆಗೆ ಗಾಜಿನ ಬಳೆ ಹಾಕ್ಕೊಂಡು ಬಂದಿದ್ರು. ತಮ್ಮ ಊಟಕ್ಕೂ ಪಕ್ಕದಲ್ಲಿ ಕೂರಲಿಲ್ಲ.

ಸೇವ್ ಮಾಡ್ಕೊಳ್ಳಿ. ಪಿಯು ಓದ್ತಿರೋ ಒಬ್ಬರಿಗಾದ್ರೂ ಕಳಿಸಿ. ನಿಮ್ಮ ಮನೇಲಿ ಆಗಿದ್ರೆ ಏನು ಮಾಡ್ತಿದ್ರಿ? ಕಾಮೆಂಟಲ್ಲಿ ಬರೀರಿ, ಜಗಳ ಆಡೋಣ.

#ಬಿಕಾಂಕಟ್ಟೆ #ಸಾಲ #ಮೈನರ್