ಘಾಟಿ ಹತ್ತುವ ವ್ಯಾನೂ, ನಮ್ಮ ಅವಸರವೂ

ಕಾಶಿಗೆ ಬರುವ ನಮ್ಮ ಕಡೆಯ ಟೆಂಪೋ ಟ್ರಾವೆಲರ್‌ಗಳನ್ನು ಗುರುತು ಹಿಡಿಯೋಕೆ ನಂಬರ್ ಪ್ಲೇಟ್ ನೋಡಬೇಕಾಗಿಲ್ಲ. ಮುಂದುಗಡೆ ಅಡ್ಡಲಾಗಿ ಒಂದು ಫ್ಲೆಕ್ಸ್ ಬ್ಯಾನರ್ ಕಟ್ಟಿರುತ್ತಾರೆ. ‘ಕಾಶಿ-ಪ್ರಯಾಗ-ಗಯಾ ಯಾತ್ರೆ’ ಅಂತ ದಪ್ಪಕ್ಷರ, ಪಕ್ಕದಲ್ಲಿ ಮನೆದೇವರ ಫೋಟೋ. ದೂರದಿಂದಲೇ ಕನ್ನಡ ಅಕ್ಷರ ಕಂಡರೆ ನನಗೂ ಖುಷಿಯೇ. ಇಷ್ಟು ವರ್ಷ ಇಲ್ಲಿದ್ದರೂ ಆ ಖುಷಿ ಹೋಗಿಲ್ಲ. ಆದರೆ ಈಗೀಗ ಆ ಬ್ಯಾನರ್ ನೋಡಿದರೆ ಜೊತೆಗೆ ಸಂಕಟವೂ ಆಗುತ್ತೆ. ಯಾಕಂದ್ರೆ ಅದನ್ನು ಕಟ್ಟಿರೋದು ರೇಡಿಯೇಟರ್‌ಗೆ ಗಾಳಿ ಹೋಗುವ ಜಾಗದ ಮೇಲೆ!

ಕಾಶಿ ಬಯಲುಸೀಮೆ, ಇಲ್ಲೆಲ್ಲಿ ಘಾಟಿ ಅಂತ ನೀವು ಕೇಳಬಹುದು. ಊರಲ್ಲಿರೋ ಘಾಟುಗಳೆಲ್ಲ ಗಂಗೆಗೆ ಇಳಿಯುವ ಮೆಟ್ಟಿಲುಗಳೇ, ನಿಜ. ಆದರೆ ನಮ್ಮೂರಿನ ಕಡೆ ವಾಪಸ್ ಹೊರಟವರು ವಿಂಧ್ಯದ ಅಂಚನ್ನು ಹತ್ತಲೇಬೇಕು. ಹಳೆಯ ನ್ಯಾಷನಲ್ ಹೈವೇ 7 ನೆನಪಿದೆಯಲ್ಲ? ಕಾಶಿಯಲ್ಲಿ ಶುರುವಾಗಿ ಜಬಲ್ಪುರ, ನಾಗಪುರ, ಹೈದರಾಬಾದ್, ಬೆಂಗಳೂರು ಹಾದು ಕನ್ಯಾಕುಮಾರಿಗೆ ಹೋಗುತ್ತಿದ್ದ 2,369 ಕಿಲೋಮೀಟರ್ ರಸ್ತೆ. 2010ರಲ್ಲಿ ನಂಬರುಗಳೆಲ್ಲ ಬದಲಾದವು, ರಸ್ತೆ ಮಾತ್ರ ಅಲ್ಲೇ ಇದೆ. ಮಿರ್ಜಾಪುರ ದಾಟಿ ಲಾಲ್‌ಗಂಜ್ ಆದಮೇಲೆ ಡ್ರಮಂಡ್‌ಗಂಜ್ ಘಾಟಿ. ಅದನ್ನು ಹತ್ತಿದರೆ ಮಧ್ಯಪ್ರದೇಶದ ಹನುಮನಾ. ಪ್ರಯಾಗದಿಂದ ರೀವಾ ಕಡೆಗೆ ಹೋದರೆ ಸೋಹಾಗಿ ಬೆಟ್ಟ. ಚಾರ್ಮಾಡಿ, ಆಗುಂಬೆ ನೋಡಿದವರಿಗೆ ಇವೆರಡೂ ಒಂದು ಲೆಕ್ಕವೇ ಅಲ್ಲ ಅನ್ನಿಸುತ್ತೆ. ಮೋಸ ಹೋಗೋದು ಅಲ್ಲೇ.

2018ರ ಮೇ ತಿಂಗಳಲ್ಲಿ ನಾನೇ ಮೋಸ ಹೋದೆ. ಹಾವೇರಿ ಕಡೆಯಿಂದ ನಮ್ಮ ನೆಂಟರು ಹದಿನಾರು ಜನ ವ್ಯಾನ್ ಮಾಡಿಕೊಂಡು ಬಂದಿದ್ದರು. ಊರಲ್ಲಿ ಒಂದು ಮದುವೆ ಇತ್ತು, ವಾಪಸ್ ಹೋಗುವಾಗ ನಾನೂ ಹತ್ತಿಕೊಂಡೆ. ಬೆಳಗಿನ ಜಾವ ಐದಕ್ಕೆ ಬಿಡೋದು ಅಂತ ಮಾತಾಗಿತ್ತು. ಇನ್ನೊಮ್ಮೆ ವಿಶ್ವನಾಥನ ದರ್ಶನ, ಆಮೇಲೆ ಸೀರೆ ಅಂಗಡಿ ಅಂತ ಹತ್ತೂವರೆ ಆಯಿತು. ಟಾಪ್ ಮೇಲೆ ಲಗೇಜು, ಗ್ಯಾಸ್ ಒಲೆ, ಪಾತ್ರೆ, ಉಳಿದ ಅಕ್ಕಿ, ಮನೆಗೊಂದರಂತೆ ಗಂಗಾಜಲದ ಕ್ಯಾನು. ಘಾಟಿ ಬುಡಕ್ಕೆ ಬಂದಾಗ ನಡು ಮಧ್ಯಾಹ್ನ. ಹೊರಗೆ ಕೆಂಡದಂಥ ಲೂ ಗಾಳಿ, ಒಳಗೆ ಎಸಿ.

ಅರ್ಧ ಹತ್ತಿರಬಹುದು, ಡ್ರೈವರ್ ಹುಡುಗ ಹೇಳಿದ: ‘ಕಾಕಾ, ಮುಳ್ಳ ಮ್ಯಾಲೆ ಹೊಂಟೈತ್ರಿ. ಎಸಿ ಬಂದ್ ಮಾಡ್ಲೇನ್ರಿ?’ ಹಿಂದಿನಿಂದ ನಾಲ್ಕೈದು ಧ್ವನಿ ಒಟ್ಟಿಗೇ ಬೇಡ ಅಂದವು. ಮುಂದೆ ಕೂತಿದ್ದ ಹಿರಿಯರು, ‘ಇನ್ನ ಎರಡ ತಿರುವ ಅದಾವ ತಮ್ಮಾ, ಹೊಡಿ’ ಅಂದರು. ನಾನೂ ಸುಮ್ಮನೇ ಕೂತೆ. ಅವನು ಹೊಡೆದ. ಎರಡು ತಿರುವು ಮುಗಿಯೋದರೊಳಗೆ ಬಾನೆಟ್‌ನಿಂದ ಬಿಳಿ ಹಬೆ. ನಮ್ಮವರೊಬ್ಬರು ಓಡಿಹೋಗಿ ರೇಡಿಯೇಟರ್ ಕ್ಯಾಪ್‌ಗೆ ಕೈ ಹಾಕಿದರು. ಹುಡುಗ ಕೂಗಿ, ಅವರನ್ನು ತಳ್ಳಿಯೇಬಿಟ್ಟ. ಅವನು ತಳ್ಳದಿದ್ದರೆ ಅವರ ಮುಖ ಬೆಂದು ಹೋಗುತ್ತಿತ್ತು.

ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಮಕ್ಕಳು ಮರಿ ಕಟ್ಟಿಕೊಂಡು ರಸ್ತೆ ಬದಿಯ ಮರದಡಿ ಆರು ಗಂಟೆ ಕೂತೆವು. ಒಬ್ಬ ಅಜ್ಜಿಗೆ ತಲೆಸುತ್ತು ಬಂದು ಎಲ್ಲರ ಜೀವ ಬಾಯಿಗೆ ಬಂದಿತ್ತು. ಮದುವೆಗೆ ಹೇಗೋ ತಲುಪಿದೆವು ಅನ್ನಿ. ಆದರೆ ತಿಂಗಳಾದ ಮೇಲೆ ಗೊತ್ತಾಯಿತು, ರಿಪೇರಿ ಖರ್ಚನ್ನು ಗಾಡಿ ಮಾಲೀಕರು ಆ ಹುಡುಗನ ಸಂಬಳದಲ್ಲಿ ಮುರಿದುಕೊಂಡಿದ್ದರು. ‘ಹೊಡಿ’ ಅಂದವರು ನಾವು, ದುಡ್ಡು ಕಟ್ಟಿದವನು ಅವನು. ಇಷ್ಟು ದಿನವಾದರೂ ನನ್ನನ್ನು ಚುಚ್ಚುತ್ತಿರುವುದು ಇದೇ.

ಆಮೇಲೆ ಇಲ್ಲಿನ ಮೆಕ್ಯಾನಿಕ್‌ಗಳ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ಲೆಕ್ಕ ಸರಳ. ಸುಟ್ಟ ಡೀಸೆಲ್‌ನ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಗಾಡಿ ಎಳೆಯೋಕೆ ಸಿಗುತ್ತೆ. ಮಿಕ್ಕಿದ್ದೆಲ್ಲ ಶಾಖ, ಸೈಲೆನ್ಸರ್‌ನಿಂದಲೋ ರೇಡಿಯೇಟರ್‌ನಿಂದಲೋ ಹೊರಗೆ ಹೋಗಬೇಕು. ರೇಡಿಯೇಟರ್ ಎಷ್ಟು ಶಾಖ ಬಿಡುತ್ತೆ ಅನ್ನೋದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ನೀರು 90 ಡಿಗ್ರಿ ಇದೆ ಅಂದುಕೊಳ್ಳಿ. ಚಾರ್ಮಾಡಿಯಲ್ಲಿ ಹೊರಗೆ 25 ಇದ್ದರೆ ವ್ಯತ್ಯಾಸ 65. ಇಲ್ಲಿ ಮೇ ತಿಂಗಳಲ್ಲಿ 45 ಇದ್ದರೆ ವ್ಯತ್ಯಾಸವೂ ಬರೀ 45. ಅಂದರೆ ಅದೇ ರೇಡಿಯೇಟರ್‌ನ ತಾಕತ್ತು ಇಲ್ಲಿ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಸಾಮಾನ್ಯವಾಗಿ ಎಸಿಯ ಕಂಡೆನ್ಸರ್ ರೇಡಿಯೇಟರ್ ಮುಂದೆಯೇ ಇರುತ್ತೆ, ತನ್ನ ಬಿಸಿಯನ್ನು ಅದರ ಮೇಲೇ ಊದುತ್ತೆ. ಏಪ್ರಿಲ್‌ನಲ್ಲಿ ಬಂದರೆ ಗೋಧಿ ಕಟಾವಿನ ಹೊಟ್ಟು ಹಾರಿ ಬಂದು ರೇಡಿಯೇಟರ್ ಸಂದಿಯಲ್ಲಿ ಕೂತಿರುತ್ತೆ. ಇದರ ಮೇಲೆ ನಮ್ಮ ಬ್ಯಾನರ್ ಬೇರೆ!

ಡ್ರೈವರ್‌ಗಳದ್ದೂ ತಪ್ಪಿರುತ್ತೆ, ಇಲ್ಲ ಅನ್ನಲ್ಲ. ಡೀಸೆಲ್ ಉಳಿಸೋಕೆ ಅಂತ ದೊಡ್ಡ ಗೇರಿನಲ್ಲೇ ಎಂಜಿನ್ ಗುದ್ದಾಡಿಸುತ್ತಾ ಹತ್ತಿಸುವವರಿದ್ದಾರೆ. ಆರ್‌ಪಿಎಂ ಕಮ್ಮಿಯಾದರೆ ನೀರಿನ ಪಂಪೂ ನಿಧಾನ, ಎಂಜಿನ್‌ನಿಂದಲೇ ತಿರುಗುವ ಫ್ಯಾನಾದರೆ ಅದೂ ನಿಧಾನ. ಬಿಸಿ ಹುಟ್ಟೋದು ಮಾತ್ರ ಜೋರು. ಏರು ಶುರುವಾಗುವ ಮುಂಚೆಯೇ ಚಿಕ್ಕ ಗೇರಿಗೆ ಇಳಿದು ಆರಾಮಾಗಿ ಹತ್ತಿಸಬೇಕು. ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಹಾಫ್ ಕ್ಲಚ್‌ನಲ್ಲಿ ಗಾಡಿ ತೂಗಿಸಿ ನಿಲ್ಲಿಸಿದರೆ ಕ್ಲಚ್ ಪ್ಲೇಟ್ ಸುಡುತ್ತೆ. ಹ್ಯಾಂಡ್‌ಬ್ರೇಕ್ ಇರೋದು ಅದಕ್ಕೇ. ಹೊರಡುವ ಮುಂಚೆ ಕೂಲೆಂಟ್ ಜೊತೆ ಗೇರ್ ಆಯಿಲ್ ಕೂಡ ನೋಡಬೇಕು. ಅದು ಕಮ್ಮಿಯಿದ್ದರೆ ಏರಿನಲ್ಲಿ ಗೇರ್‌ಬಾಕ್ಸೂ ಕಾಯುತ್ತೆ.

ಮುಳ್ಳು ಏರುತ್ತಿದ್ದರೆ ಮೊದಲು ಎಸಿ ಬಂದ್. ಸಾಲದಿದ್ದರೆ ಹೀಟರ್ ಹಾಕಿ ಕಿಟಕಿ ತೆಗೆಯಬೇಕು. ನಗಬೇಡಿ, ಎಂಜಿನ್ ಬಿಸಿ ಒಂದಿಷ್ಟು ಆ ದಾರಿಯಲ್ಲೂ ಹೊರಗೆ ಹೋಗುತ್ತೆ. ಇನ್ನೂ ಏರಿದರೆ ಅಗಲವಾದ, ತಿರುವಿಲ್ಲದ ಜಾಗ ನೋಡಿ ನಿಲ್ಲಿಸಿ, ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಬೇಕು. ಆದರೆ ಹಬೆ ಬರುತ್ತಿದ್ದರೆ, ಬೆಲ್ಟ್ ಕಿತ್ತಿದ್ದರೆ ಅಥವಾ ನೀರು ಸೋರಿದ್ದರೆ ತಕ್ಷಣ ಆಫ್. ಒತ್ತಡದಲ್ಲಿರುವ ಆ ನೀರು ನೂರು ಡಿಗ್ರಿ ದಾಟಿಯೂ ಕುದಿಯದೇ ಇರುತ್ತೆ, ಕ್ಯಾಪ್ ತೆಗೆದ ಕ್ಷಣ ಉಕ್ಕುತ್ತೆ. ಪೂರ್ತಿ ತಣ್ಣಗಾಗುವವರೆಗೆ ಮುಟ್ಟಲೇಬಾರದು. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಲೂಬಾರದು, ಬಿರುಕು ಬಿಡುತ್ತೆ. ಇಳಿಯುವಾಗಲೂ ಚಿಕ್ಕ ಗೇರೇ ಇರಲಿ. ಡೀಸೆಲ್ ಉಳಿಯುತ್ತೆ ಅಂತ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡೋದಂತೂ ಪ್ರಾಣಕ್ಕೇ ಕುತ್ತು, ಬ್ರೇಕ್‌ನ ಬಲವೂ ಎಂಜಿನ್ನಿನಿಂದಲೇ ಬರೋದು.

ಇದೆಲ್ಲ ಒಳ್ಳೆ ಡ್ರೈವರ್‌ಗೆ ಗೊತ್ತು. ಆ ಹುಡುಗನಿಗೂ ಗೊತ್ತಿತ್ತು, ಅದಕ್ಕೇ ಕೇಳಿದ. ಗೊತ್ತಿದ್ದದ್ದನ್ನು ಮಾಡೋಕೆ ನಾವು ಬಿಡಲಿಲ್ಲ. ಈಗಿನ ಹಲವು ಗಾಡಿಗಳು ಬಿಸಿ ಜಾಸ್ತಿಯಾದರೆ ತಾವೇ ಎಂಜಿನ್ ಬಲ ತಗ್ಗಿಸಿಕೊಳ್ಳುತ್ತವೆ. ಯಂತ್ರಕ್ಕೆ ಸಿಕ್ಕಿರೋ ಈ ಅಧಿಕಾರ ಡ್ರೈವರ್‌ಗೆ ಯಾಕಿಲ್ಲ?

ನನ್ನ ಅಭಿಪ್ರಾಯ ಇಷ್ಟೇ. ಘಾಟಿಯಲ್ಲಿ ಎಸಿ ಯಾವಾಗ ಬಂದ್, ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದು ಡ್ರೈವರ್ ಒಬ್ಬನ ತೀರ್ಮಾನ. ಇದನ್ನು ಗಾಡಿ ಬುಕ್ ಮಾಡುವಾಗಲೇ ಮಾಲೀಕರ ಮುಂದೆ, ಮನೆಯವರೆಲ್ಲರ ಮುಂದೆ ಹೇಳಿಬಿಡಿ. ನಮ್ಮ ಮಾತಿನಿಂದ ಗಾಡಿ ಕೆಟ್ಟರೆ ಖರ್ಚು ನಮ್ಮದು ಅಂತಲೂ ಹೇಳಿ. ಬೇಸಿಗೆಯಲ್ಲಿ ಕಾಶಿಯಿಂದ ಬೆಳಕು ಹರಿಯುವ ಮುಂಚೆ ಬಿಟ್ಟರೆ ಬಿಸಿಲೇರುವ ಹೊತ್ತಿಗೆ ಘಾಟಿ ದಾಟಿರುತ್ತೀರಿ. ಬ್ಯಾನರ್ ಬೇಕೇ ಬೇಕು ಅಂದರೆ ಹಿಂದುಗಡೆ ಕಟ್ಟಿ, ದೇವರೇನೂ ಬೇಜಾರು ಮಾಡಿಕೊಳ್ಳಲ್ಲ.

ಕಾಶಿಗೆ ಬಂದವರು ತಮಗಿಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಇಲ್ಲಿ ಬಿಟ್ಟು ಹೋಗುವ ಪದ್ಧತಿ ಇದೆಯಲ್ಲ. ಬದನೆಕಾಯಿ ಬಿಟ್ಟವರು, ಸೀಬೆಹಣ್ಣು ಬಿಟ್ಟವರು ನಮ್ಮ ಬಂಧುಗಳಲ್ಲೇ ಬೇಕಾದಷ್ಟಿದ್ದಾರೆ. ಮುಂದಿನ ಸಲ ಬರುವವರು ಅದರ ಜೊತೆ ಅವಸರವನ್ನೂ ಬಿಟ್ಟು ಹೋಗಿ. ನಾನು ಬಿಟ್ಟಿದ್ದೇನೆ, ಕಷ್ಟವೇನಿಲ್ಲ.